ಡಿಎನ್‌ಎ ಸಿಕ್ಕು ಬಿಡಿಸುವ ಕಿಣ್ವಗಳು: ಬ್ಯಾಕ್ಟೀರಿಯಾ ಒಂದರಿಂದ ಎರಡಾಗುವುದು ಹೇಗೆ? ಸಿಪ್ರೋಫ್ಲಾಕ್ಸಾಸಿನ್ ಅದನ್ನು ತಡೆಯುವುದು ಎಲ್ಲಿ?

ಮೂತ್ರನಾಳದ ಸೋಂಕು, ಭೇದಿ, ಟೈಫಾಯ್ಡ್... ಕಾರಣ ಏನೇ ಇರಲಿ, ವೈದ್ಯರ ಚೀಟಿಯಲ್ಲಿ ಸಿಪ್ರೋಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಎಂಬ ಹೆಸರುಗಳಲ್ಲಿ ಒಂದನ್ನಾದರೂ ಕಾಣದ ಮನೆ ಕಡಿಮೆ. ಹೆಸರಿನ ಕೊನೆಯಲ್ಲಿ 'ಫ್ಲಾಕ್ಸಾಸಿನ್' ಇರುವ ಈ ಮಾತ್ರೆಗಳೆಲ್ಲ ಗುರಿ ಇಟ್ಟಿರುವುದು ಬ್ಯಾಕ್ಟೀರಿಯಾದ ಒಂದೇ ಕೆಲಸದ ಮೇಲೆ. ಅದು ಡಿಎನ್‌ಎಯ ಸಿಕ್ಕು ಬಿಡಿಸುವ ಕೆಲಸ.

ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ಒಂದಕ್ಷರವೂ ತಪ್ಪದಂತೆ ನಕಲು ಮಾಡಿಕೊಂಡರೂ, ಆ ಎರಡು ಪ್ರತಿಗಳು ಒಂದಕ್ಕೊಂದು ತೊಡರಿಕೊಂಡೇ ಉಳಿದರೆ ಅದು ಎರಡಾಗಲಾರದು. ಸಿಕ್ಕು ಬಿಡಿಸಲು ಅದರ ಬಳಿ ವಿಶೇಷ ಕಿಣ್ವಗಳಿವೆ. ಅವು ಡಿಎನ್‌ಎಯನ್ನು ಕತ್ತರಿಸಿ, ದಾಟಿಸಿ, ಮತ್ತೆ ಬೆಸೆಯುತ್ತವೆ. ಕತ್ತರಿಸಿದ ಮೇಲೆ ಬೆಸೆಯುವ ಮುನ್ನ ಸಿಗುವ ಅರೆಕ್ಷಣವೇ ಔಷಧಕ್ಕೆ ಅವಕಾಶ. ಆದರೆ ಅದೇ ಕಿಣ್ವದಲ್ಲಿ ಒಂದು ಸಣ್ಣ ಬದಲಾವಣೆ ಆದರೂ ಸಾಕು, ಮಾತ್ರೆಯ ಹಿಡಿತ ತಪ್ಪುತ್ತದೆ. ಏನಿದು ಸಿಕ್ಕು? ಬಿಡಿಸುವವರು ಯಾರು? ಔಷಧ ಸೋಲುವುದೇಕೆ? ಇಲ್ಲಿದೆ ಪೂರ್ಣ ವಿವರ.

ಮುಖ್ಯಾಂಶಗಳು

- ಇ. ಕೊಲೈ ಬ್ಯಾಕ್ಟೀರಿಯಾದ ಡಿಎನ್‌ಎ, ಅದರ ದೇಹಕ್ಕಿಂತ ಸುಮಾರು 750 ಪಟ್ಟು ಉದ್ದ.
- ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವಗಳ ಗುಂಪಿಗೆ ಟೋಪೋಐಸೋಮರೇಸ್ ಎಂದು ಹೆಸರು. ಇ. ಕೊಲೈಯಲ್ಲಿ ಇವು ನಾಲ್ಕು.
- ನಕಲಾದ ಎರಡು ವರ್ಣತಂತುಗಳ ನಡುವಿನ ಕೊಂಡಿ ಕಳಚುವ ಮುಖ್ಯ ಹೊಣೆ ಟೋಪೋಐಸೋಮರೇಸ್-4 ಕಿಣ್ವದ್ದು.
- ಸಿಪ್ರೋಫ್ಲಾಕ್ಸಾಸಿನ್ ಗುಂಪಿನ ಔಷಧಗಳು ಜೈರೇಸ್ ಮತ್ತು ಟೋಪೋಐಸೋಮರೇಸ್-4 ಎಂಬ ಎರಡು ಕಿಣ್ವಗಳನ್ನು ಹಿಡಿದಿಡುತ್ತವೆ.
- ಕ್ಷಯರೋಗದ ಬ್ಯಾಕ್ಟೀರಿಯಾದಲ್ಲಿ ಟೋಪೋಐಸೋಮರೇಸ್-4 ಇಲ್ಲ. ಅಲ್ಲಿ ಎರಡೂ ಕೆಲಸ ಜೈರೇಸ್‌ನದೇ.

ಸಮಸ್ಯೆ ಎಷ್ಟು ದೊಡ್ಡದು?

ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೊಲೈ ಬ್ಯಾಕ್ಟೀರಿಯಾವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರ್‌ನ ಐನೂರನೇ ಒಂದು ಭಾಗ. ಅದರೊಳಗಿನ ಡಿಎನ್‌ಎಯನ್ನು ಬಿಡಿಸಿ ಚಾಚಿದರೆ ಸುಮಾರು ಒಂದೂವರೆ ಮಿಲಿಮೀಟರ್ ಆಗುತ್ತದೆ. ಈ ಡಿಎನ್‌ಎಯಲ್ಲಿರುವ ಜೋಡಿ ಅಕ್ಷರಗಳು ಸುಮಾರು 46 ಲಕ್ಷ.

ಎಲ್ಲವನ್ನೂ ಹತ್ತು ಲಕ್ಷ ಪಟ್ಟು ಹಿಗ್ಗಿಸಿ ನೋಡಿದರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಆಗ ಬ್ಯಾಕ್ಟೀರಿಯಾ ಎರಡು ಮೀಟರ್ ಉದ್ದದ ಒಂದು ನೀರಿನ ಟ್ಯಾಂಕ್. ಅದರೊಳಗೆ ತುರುಕಿರುವ ಡಿಎನ್‌ಎ, 2 ಮಿಲಿಮೀಟರ್ ದಪ್ಪದ, ಒಂದೂವರೆ ಕಿಲೋಮೀಟರ್ ಉದ್ದದ ಹುರಿ. ಈ ಹುರಿಗೆ ತುದಿಯೂ ಇಲ್ಲ, ಬುಡವೂ ಇಲ್ಲ. ಎರಡು ಕೊನೆಗಳೂ ಸೇರಿಕೊಂಡು ಉಂಗುರವಾಗಿದೆ. ಟ್ಯಾಂಕಿನೊಳಗೇ ಅದರ ಇನ್ನೊಂದು ಪ್ರತಿ ತಯಾರಾಗಬೇಕು, ಎರಡೂ ಬೇರೆಯಾಗಬೇಕು, ಒಂದು ಆ ಬದಿಗೆ, ಒಂದು ಈ ಬದಿಗೆ ಸರಿಯಬೇಕು. ಆಮೇಲೆ ಟ್ಯಾಂಕಿನ ನಡುವೆ ಗೋಡೆ ಏಳಬೇಕು.

ಇದಕ್ಕೆ ಸಿಗುವ ಸಮಯವೂ ಹೆಚ್ಚಲ್ಲ. 37 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇ. ಕೊಲೈಯ ಡಿಎನ್‌ಎ ಪೂರ್ತಿ ನಕಲಾಗಲು ಸುಮಾರು 40 ನಿಮಿಷ ಬೇಕು. ಆಹಾರ ಯಥೇಚ್ಛವಾಗಿದ್ದರೆ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ನಕಲು ಮುಗಿಯುವ ಮೊದಲೇ ಮುಂದಿನ ನಕಲನ್ನು ಶುರು ಮಾಡಿಕೊಳ್ಳುವುದರಿಂದ ಇದು ಸಾಧ್ಯವಾಗುತ್ತದೆ.

ಹುರಿ ಬಿಚ್ಚಿದಾಗ ಆಗುವ ತೊಡಕು

ಡಿಎನ್‌ಎ ಎಂದರೆ ಒಂದಕ್ಕೊಂದು ಹೆಣೆದುಕೊಂಡ ಎರಡು ಎಳೆಗಳು. ಸುಮಾರು ಹತ್ತೂವರೆ ಜೋಡಿ ಅಕ್ಷರಗಳಿಗೆ ಒಂದು ಸುತ್ತು. ಈ ಲೆಕ್ಕದಲ್ಲಿ ಇ. ಕೊಲೈಯ ಉಂಗುರದಲ್ಲಿ ಸುಮಾರು 4.4 ಲಕ್ಷ ಸುತ್ತುಗಳಿವೆ. ನಕಲು ಮಾಡಬೇಕಾದರೆ ಎರಡು ಎಳೆಗಳನ್ನು ಬೇರ್ಪಡಿಸಬೇಕು. ಅಂದರೆ ಅಷ್ಟೂ ಸುತ್ತುಗಳು ಬಿಚ್ಚಬೇಕು. ಒಂದೇ ಒಂದು ಸುತ್ತು ಉಳಿದರೂ ಎಳೆಗಳು ಬಿಡುವುದಿಲ್ಲ.

ತೆಂಗಿನ ನಾರಿನ ಹಗ್ಗವನ್ನು ಎರಡೂ ತುದಿ ಬಿಗಿಯಾಗಿ ಕಟ್ಟಿ, ನಡುವೆ ಬೆರಳು ತೂರಿಸಿ ಎಳೆಗಳನ್ನು ಅಗಲಿಸಿದವರಿಗೆ ಈ ತೊಡಕು ಗೊತ್ತು. ಅಗಲಿಸಿದ ಕಡೆ ಎಳೆ ಬಿಡುತ್ತದೆ, ಆದರೆ ಅದರ ಮುಂದಿನ ಭಾಗ ಇನ್ನಷ್ಟು ಬಿಗಿದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಹಗ್ಗ ತನ್ನ ಮೇಲೆ ತಾನೇ ಸುತ್ತಿಕೊಂಡು ಗುಂಜಾಗುತ್ತದೆ. ಡಿಎನ್‌ಎಯಲ್ಲೂ ಇದೇ ಆಗುತ್ತದೆ. ನಕಲು ಯಂತ್ರ ಸೆಕೆಂಡಿಗೆ ಸುಮಾರು ಸಾವಿರ ಅಕ್ಷರಗಳ ವೇಗದಲ್ಲಿ ಮುನ್ನುಗ್ಗುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ನೂರು ಸುತ್ತು ಬಿಚ್ಚಬೇಕು. ಮುಂದೆ ಹೆಚ್ಚುತ್ತಾ ಹೋಗುವ ಬಿಗಿತವನ್ನು ಯಾರಾದರೂ ಸಡಿಲಿಸದಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ.

1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಡಿಎನ್‌ಎಯ ಜೋಡಿ ಸುರುಳಿಯ ರಚನೆಯನ್ನು ಪ್ರಕಟಿಸಿದಾಗಲೇ ಈ ಪ್ರಶ್ನೆ ಎದ್ದಿತ್ತು. ಇಷ್ಟೊಂದು ಸುತ್ತುಗಳು ಬಿಚ್ಚುವುದಾದರೂ ಹೇಗೆ? ಭೌತವಿಜ್ಞಾನದಿಂದ ಜೀವವಿಜ್ಞಾನಕ್ಕೆ ಬಂದಿದ್ದ ಮ್ಯಾಕ್ಸ್ ಡೆಲ್‌ಬ್ರಕ್ 1954ರಲ್ಲಿ ಇದನ್ನು ಗಂಭೀರವಾಗಿ ಚರ್ಚಿಸಿದರು. ಎಳೆಗಳು ಅಲ್ಲಲ್ಲಿ ತುಂಡಾಗಿ ಮತ್ತೆ ಸೇರಿಕೊಂಡರೆ ಮಾತ್ರ ಇದು ಸಾಧ್ಯ ಎಂಬುದು ಅವರ ಊಹೆಯ ಸಾರ. 1963ರಲ್ಲಿ ಜಾನ್ ಕೇರ್ನ್ಸ್ ಇ. ಕೊಲೈಯ ವರ್ಣತಂತು ಉಂಗುರಾಕಾರದ್ದು ಎಂದು ಚಿತ್ರಸಹಿತ ತೋರಿಸಿದ ಮೇಲೆ ಸಮಸ್ಯೆ ಇನ್ನೂ ಜಟಿಲವಾಯಿತು. ತುದಿಗಳಿದ್ದರೆ ಹಗ್ಗ ಗಿರಗಿರ ತಿರುಗಿ ಹೇಗೋ ಸಡಿಲವಾಗಬಹುದಿತ್ತು. ಉಂಗುರಕ್ಕೆ ಆ ದಾರಿಯೂ ಇಲ್ಲ.

ಕಿಣ್ವಗಳು ಸಿಕ್ಕಿದ್ದು ಹೇಗೆ?

ಉತ್ತರ ಸಿಕ್ಕಿದ್ದು 1971ರಲ್ಲಿ. ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಜೇಮ್ಸ್ ವಾಂಗ್, ಇ. ಕೊಲೈಯಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದು ಡಿಎನ್‌ಎಯ ಒಂದು ಎಳೆಯನ್ನು ತುಂಡರಿಸಿ, ಸುತ್ತನ್ನು ಸಡಿಲಿಸಿ, ಮತ್ತೆ ಮೊದಲಿನಂತೆ ಬೆಸೆಯುತ್ತಿತ್ತು. ವಾಂಗ್ ಅದನ್ನು ಒಮೆಗಾ ಪ್ರೋಟೀನ್ ಎಂದು ಕರೆದರು. ಇಂದು ಅದರ ಹೆಸರು ಟೋಪೋಐಸೋಮರೇಸ್-1.

1976ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಇದಕ್ಕೆ ಉಲ್ಟಾ ಕೆಲಸ ಮಾಡುವ ಇನ್ನೊಂದು ಕಿಣ್ವ ಕಂಡುಹಿಡಿದರು. ಅದೇ ಜೈರೇಸ್. ಇದು ಜೀವಕೋಶದ ಇಂಧನವಾದ ಎಟಿಪಿಯನ್ನು ಬಳಸಿ, ಡಿಎನ್‌ಎಗೆ ಅದರ ಸಹಜ ಸುತ್ತಿನ ವಿರುದ್ಧ ದಿಕ್ಕಿನಲ್ಲಿ ತಿರುಚು ಹಾಕುತ್ತದೆ.

ಎರಡು ಪ್ರತಿಗಳನ್ನು ಬೇರ್ಪಡಿಸುವ ಕಿಣ್ವ ಯಾವುದು ಎಂಬುದು ಗೊತ್ತಾಗಲು ಇನ್ನೂ ಸಮಯ ಹಿಡಿಯಿತು. ಕೆಲವು ಇ. ಕೊಲೈ ತಳಿಗಳು ಡಿಎನ್‌ಎಯನ್ನು ನಕಲು ಮಾಡಿಕೊಂಡರೂ ಹಂಚಿಕೊಳ್ಳಲಾಗದೆ ಸೋಲುತ್ತಿದ್ದವು. 1990ರಲ್ಲಿ ಜಪಾನಿನ ಜುನ್-ಇಚಿ ಕಾಟೋ ಮತ್ತು ಸಂಗಡಿಗರು ಆ ದೋಷದ ಹಿಂದಿರುವ ಪಾರ್‌ಸಿ ಮತ್ತು ಪಾರ್‌ಇ ಎಂಬ ಎರಡು ಜೀನ್‌ಗಳನ್ನು ವಿವರಿಸಿದರು. ಈ ಎರಡೂ ಸೇರಿ ರೂಪಿಸುವ ಕಿಣ್ವವೇ ಟೋಪೋಐಸೋಮರೇಸ್-4. ನಿಕೊಲಸ್ ಕೊಝರೆಲ್ಲಿ ತಂಡದ ಮುಂದಿನ ಪ್ರಯೋಗಗಳು, ಕೊಂಡಿ ಕಳಚುವ ಮುಖ್ಯ ಕೆಲಸ ಇದರದೇ ಎಂಬುದನ್ನು ಖಚಿತಪಡಿಸಿದವು.

ನಾಲ್ಕು ಕಿಣ್ವ, ನಾಲ್ಕು ಪಾತ್ರ

- ಟೋಪೋಐಸೋಮರೇಸ್-1: ಒಂದು ಎಳೆಯನ್ನಷ್ಟೇ ಕತ್ತರಿಸುತ್ತದೆ. ಜೈರೇಸ್ ಹಾಕಿದ ವಿರುದ್ಧ ತಿರುಚು ಅತಿಯಾಗದಂತೆ ನೋಡಿಕೊಳ್ಳುತ್ತದೆ.
- ಜೈರೇಸ್: ಎರಡೂ ಎಳೆಗಳನ್ನು ಕತ್ತರಿಸುತ್ತದೆ. ನಕಲು ಯಂತ್ರದ ಮುಂದೆ ಹೆಚ್ಚುವ ಬಿಗಿತವನ್ನು ಇಳಿಸುತ್ತದೆ.
- ಟೋಪೋಐಸೋಮರೇಸ್-3: ಒಂದು ಎಳೆಯನ್ನು ಕತ್ತರಿಸುತ್ತದೆ. ಡಿಎನ್‌ಎ ಇನ್ನೂ ಒಂಟಿ ಎಳೆಯಾಗಿರುವ ಜಾಗಗಳಲ್ಲಿ ಕೊಂಡಿ ಬಿಡಿಸಲು ನೆರವಾಗಬಲ್ಲದು.
- ಟೋಪೋಐಸೋಮರೇಸ್-4: ಎರಡೂ ಎಳೆಗಳನ್ನು ಕತ್ತರಿಸುತ್ತದೆ. ನಕಲಾದ ಎರಡು ವರ್ಣತಂತುಗಳನ್ನು ಒಂದರಿಂದ ಒಂದನ್ನು ಬಿಡಿಸುತ್ತದೆ.

ಜೈರೇಸ್ ಮತ್ತು ಟೋಪೋ-1 ಒಂದು ಬಗೆಯ ತಕ್ಕಡಿ ಇದ್ದಂತೆ. ಒಂದು ತಿರುಚು ಹಾಕುತ್ತದೆ, ಇನ್ನೊಂದು ತೆಗೆಯುತ್ತದೆ. ಇವೆರಡರ ಸಮತೋಲನದಿಂದ ಬ್ಯಾಕ್ಟೀರಿಯಾದ ಡಿಎನ್‌ಎ ಸಹಜಕ್ಕಿಂತ ಸುಮಾರು ಶೇ. 6ರಷ್ಟು ಸಡಿಲ ಸ್ಥಿತಿಯಲ್ಲಿ ಇರುತ್ತದೆ. ಈ ಸಡಿಲತೆಯಿಂದಾಗಿಯೇ ಡಿಎನ್‌ಎ ಚಿಕ್ಕ ಜಾಗದಲ್ಲಿ ಮಡಚಿ ಕೂರುತ್ತದೆ, ಬೇಕಾದಾಗ ಬೇಗ ತೆರೆದುಕೊಳ್ಳುತ್ತದೆ.

ಕೊನೆಯ ಕೊಂಡಿ ಹುಟ್ಟುವುದು ಎಲ್ಲಿ?

ನಕಲು ಯಂತ್ರದ ಮುಂದಿನ ಬಿಗಿತವನ್ನು ಜೈರೇಸ್ ಇಳಿಸುತ್ತಿರುವಾಗಲೇ, ಅದರ ಒಂದು ಪಾಲು ಯಂತ್ರವನ್ನೇ ತಿರುಗಿಸಿ ಹಿಂಬದಿಗೆ ದಾಟುತ್ತದೆ. ಹಿಂಬದಿಯಲ್ಲಿ ಆಗಷ್ಟೇ ತಯಾರಾದ ಎರಡು ಹೊಸ ಡಿಎನ್‌ಎಗಳು ಇರುತ್ತವೆ. ಜಡೆಯಂತೆ ಅವು ಒಂದರ ಮೇಲೊಂದು ಸುತ್ತಿಕೊಳ್ಳುತ್ತವೆ. ಟೋಪೋ-4 ಇದನ್ನು ಬಿಡಿಸುತ್ತಾ ಹೋಗುತ್ತದೆ.

ನಕಲು ಶುರುವಾದ ಜಾಗದಿಂದ ಎರಡು ಯಂತ್ರಗಳು ಎರಡು ದಿಕ್ಕಿಗೆ ಹೊರಟು, ಉಂಗುರದ ಆ ಬದಿಯಲ್ಲಿ ಎದುರುಬದುರಾಗುತ್ತವೆ. ಅವು ಹತ್ತಿರ ಬಂದಂತೆ ನಡುವೆ ಜೈರೇಸ್‌ಗೆ ಕೂರಲು ಜಾಗವೇ ಉಳಿಯುವುದಿಲ್ಲ. ಹಾಗಾಗಿ ಕೊನೆಯಲ್ಲಿ ಉಳಿದ ಸುತ್ತುಗಳು ಎರಡು ಹೊಸ ಉಂಗುರಗಳ ನಡುವಿನ ಕೊಂಡಿಗಳಾಗಿ ಉಳಿದುಬಿಡುತ್ತವೆ. ಒಂದರೊಳಗೊಂದು ತೂರಿಕೊಂಡ ಎರಡು ಗಾಜಿನ ಬಳೆಗಳನ್ನು ಕಣ್ಣಮುಂದೆ ತಂದುಕೊಂಡರೆ ಇದು ಅರ್ಥವಾಗುತ್ತದೆ. ಎಷ್ಟು ಎಳೆದರೂ, ಎಷ್ಟು ಅಲುಗಿಸಿದರೂ ಅವು ಬಿಡುವುದಿಲ್ಲ. ಬಿಡಬೇಕಾದರೆ ಒಂದು ಬಳೆ ಒಡೆಯಲೇಬೇಕು.

ಒಡೆದದ್ದನ್ನು ಗುರುತೇ ಸಿಗದಂತೆ ಮತ್ತೆ ಜೋಡಿಸುವುದು ಟೋಪೋ-4ರ ವಿಶೇಷ.

ಟೋಪೋ-4 ಕೆಲಸ ಮಾಡುವ ಬಗೆ

ಈ ಕಿಣ್ವದಲ್ಲಿ ಪಾರ್‌ಸಿ ಪ್ರೋಟೀನಿನ ಎರಡು, ಪಾರ್‌ಇ ಪ್ರೋಟೀನಿನ ಎರಡು, ಒಟ್ಟು ನಾಲ್ಕು ಭಾಗಗಳಿವೆ. ಇದನ್ನು ಮೇಲೆ, ನಡುವೆ ಮತ್ತು ಕೆಳಗೆ ಬಾಗಿಲುಗಳಿರುವ ಒಂದು ಸಣ್ಣ ಯಂತ್ರ ಎನ್ನಬಹುದು. ಕೆಲಸ ಹಂತಹಂತವಾಗಿ ಹೀಗೆ ನಡೆಯುತ್ತದೆ:

1. ಮೊದಲ ಡಿಎನ್‌ಎಯ ಒಂದು ತುಣುಕು ಕಿಣ್ವದ ನಡುಬಾಗಿಲಿನ ಮೇಲೆ ಕೂರುತ್ತದೆ.
2. ಎರಡನೇ ಡಿಎನ್‌ಎಯ ತುಣುಕು ಮೇಲಿನಿಂದ ಬರುತ್ತದೆ. ಎಟಿಪಿ ಅಂಟಿಕೊಂಡಾಗ ಪಾರ್‌ಇಯ ಎರಡು ತೋಳುಗಳು ಮುಚ್ಚಿ ಅದನ್ನು ಒಳಗೆ ಹಿಡಿಯುತ್ತವೆ.
3. ಕಿಣ್ವ ಮೊದಲ ಡಿಎನ್‌ಎಯ ಎರಡೂ ಎಳೆಗಳನ್ನು, ನಾಲ್ಕು ಅಕ್ಷರಗಳ ಅಂತರದಲ್ಲಿ, ಕತ್ತರಿಸುತ್ತದೆ. ತುಂಡಾದ ತುದಿಗಳನ್ನು ಕೈಬಿಡದೆ ತನ್ನ ಮೈಗೇ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ.
4. ನಡುಬಾಗಿಲು ತೆರೆದು, ಎರಡನೇ ಡಿಎನ್‌ಎ ಆ ಸಂದಿನಲ್ಲಿ ಕೆಳಗೆ ದಾಟುತ್ತದೆ.
5. ಮೊದಲ ಡಿಎನ್‌ಎ ಮತ್ತೆ ಬೆಸೆದುಕೊಳ್ಳುತ್ತದೆ. ದಾಟಿದ ತುಣುಕು ಕೆಳಬಾಗಿಲಿನಿಂದ ಹೊರಬೀಳುತ್ತದೆ.

ಒಂದು ಸುತ್ತು ಮುಗಿದರೆ ಒಂದು ದಾಟು. ಎಲ್ಲ ಕೊಂಡಿಗಳೂ ಕಳಚುವವರೆಗೆ ಇದು ಮರುಕಳಿಸುತ್ತದೆ. ಮೂರನೇ ಹಂತವೇ ಇಡೀ ಕೆಲಸದ ಅತಿ ಅಪಾಯದ ಘಳಿಗೆ. ಆಗ ವರ್ಣತಂತು ನಿಜಕ್ಕೂ ತುಂಡಾಗಿರುತ್ತದೆ. ಕಿಣ್ವ ತುದಿಗಳನ್ನು ಹಿಡಿದುಕೊಂಡಿರುವುದರಿಂದ ಮಾತ್ರ ಜೀವ ಉಳಿದಿರುತ್ತದೆ.

ಎಲ್ಲಿ ಕತ್ತರಿಸಬೇಕೆಂದು ಹೇಳುವವರು ಯಾರು?

ಟೋಪೋ-4 ಒಂಟಿಯಾಗಿ ದುಡಿಯುವುದಿಲ್ಲ. ಅದಕ್ಕೆ ಕನಿಷ್ಠ ಇಬ್ಬರು ಜೊತೆಗಾರರಿದ್ದಾರೆ.

ಮೊದಲನೆಯದು ಮುಕ್‌ಬಿಇಎಫ್ ಎಂಬ ಪ್ರೋಟೀನ್ ಕೂಟ. ಇದು ಡಿಎನ್‌ಎಯನ್ನು ಕುಣಿಕೆ ಕುಣಿಕೆಯಾಗಿ ಎಳೆದು ಅಚ್ಚುಕಟ್ಟಾಗಿ ಜೋಡಿಸುತ್ತದೆ. ಇದು ಪಾರ್‌ಸಿಯನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. 'ಮುಕ್' ಎಂಬ ಹೆಸರು ಬಂದಿದ್ದು ಜಪಾನಿ ಭಾಷೆಯ 'ಮುಕಾಕು'ವಿನಿಂದ. ಅದರ ಅರ್ಥ ಕೋಶಕೇಂದ್ರವಿಲ್ಲದ್ದು ಎಂದು. ಈ ಜೀನ್ ಕೆಟ್ಟ ಬ್ಯಾಕ್ಟೀರಿಯಾಗಳಲ್ಲಿ ಡಿಎನ್‌ಎಯೇ ಇಲ್ಲದ ಖಾಲಿ ಕೋಶಗಳು ಹುಟ್ಟುತ್ತಿದ್ದುದರಿಂದ ಆ ಹೆಸರು.

ಎರಡನೆಯದು ಎಫ್‌ಟಿಎಸ್‌ಕೆ. ಬ್ಯಾಕ್ಟೀರಿಯಾ ಇಬ್ಭಾಗವಾಗುವ ಜಾಗದಲ್ಲಿ, ಏಳುತ್ತಿರುವ ಗೋಡೆಯ ಬಾಗಿಲಲ್ಲೇ ಇದು ನಿಂತಿರುತ್ತದೆ. ಗೋಡೆಯಡಿ ಸಿಕ್ಕಿಹಾಕಿಕೊಂಡ ಡಿಎನ್‌ಎಯನ್ನು ಸೆಕೆಂಡಿಗೆ ಸಾವಿರಾರು ಅಕ್ಷರಗಳ ವೇಗದಲ್ಲಿ ಆಚೀಚೆ ತಳ್ಳುತ್ತದೆ. ಟೋಪೋ-4ರ ಕೆಲಸಕ್ಕೂ ಚುರುಕು ಮುಟ್ಟಿಸುತ್ತದೆ.

ಎಫ್‌ಟಿಎಸ್‌ಕೆಗೆ ಇನ್ನೊಂದು ಹೊಣೆಯೂ ಇದೆ. ಕೆಲವೊಮ್ಮೆ ಎರಡು ಉಂಗುರಗಳು ಕೊಂಡಿಯಾಗುವ ಬದಲು ಒಂದೇ ದೊಡ್ಡ ಉಂಗುರವಾಗಿ ಸೇರಿಬಿಡುತ್ತವೆ. ಇ. ಕೊಲೈಯಲ್ಲಿ ಹತ್ತರಲ್ಲಿ ಒಂದೆರಡು ಬಾರಿ ಹೀಗಾಗುತ್ತದೆ. ಇದನ್ನು ಟೋಪೋ-4 ಸರಿಪಡಿಸಲಾರದು. ಆಗ ಝೆರ್‌ಸಿ, ಝೆರ್‌ಡಿ ಎಂಬ ಬೇರೆ ಎರಡು ಕಿಣ್ವಗಳು 'ಡಿಫ್' ಎಂಬ ನಿಗದಿತ ಜಾಗದಲ್ಲಿ ಕತ್ತರಿಸಿ ಎರಡು ಮಾಡುತ್ತವೆ. ಅವುಗಳಿಗೆ ಕೆಲಸ ಶುರುಮಾಡಲು ಸೂಚನೆ ಕೊಡುವುದೂ ಎಫ್‌ಟಿಎಸ್‌ಕೆಯೇ.

ಟೋಪೋ-4 ಕೈಕೊಟ್ಟರೆ ಏನಾಗುತ್ತದೆ?

ಉಷ್ಣಾಂಶ ಏರಿಸಿದಾಗ ಟೋಪೋ-4 ಕೆಲಸ ನಿಲ್ಲಿಸುವಂಥ ಇ. ಕೊಲೈ ತಳಿಗಳಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಡಿಎನ್‌ಎ ನಕಲು ಮುಂದುವರಿಯುತ್ತದೆ, ಬ್ಯಾಕ್ಟೀರಿಯಾ ಉದ್ದವೂ ಆಗುತ್ತದೆ. ಆದರೆ ನಕಲಾದ ಡಿಎನ್‌ಎಗಳೆಲ್ಲ ನಡುವೆ ಒಂದೇ ಮುದ್ದೆಯಾಗಿ ಕೂತಿರುತ್ತವೆ. ಕೆಲವೊಮ್ಮೆ ಗೋಡೆ ಒಂದು ಬದಿಯಲ್ಲಿ ಎದ್ದು, ಡಿಎನ್‌ಎ ಇಲ್ಲದ ಖಾಲಿ ಕೋಶ ಉದುರುತ್ತದೆ. ಕೊನೆಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಆಹಾರ, ಇಂಧನ, ನಕಲು ಎಲ್ಲ ಇದ್ದೂ ಬಿಡುಗಡೆಯೊಂದು ಇಲ್ಲದೆ ಬರುವ ಸಾವು ಇದು.

ಸಿಪ್ರೋಫ್ಲಾಕ್ಸಾಸಿನ್ ಇಲ್ಲಿ ಏನು ಮಾಡುತ್ತದೆ?

ಈ ಔಷಧಗಳ ಕಥೆ ಕಿಣ್ವಗಳ ಪತ್ತೆಗಿಂತ ಹಳೆಯದು. 1962ರಲ್ಲಿ ಜಾರ್ಜ್ ಲೆಶರ್ ಮತ್ತು ಸಂಗಡಿಗರು, ಮಲೇರಿಯಾ ಔಷಧ ಕ್ಲೋರೋಕ್ವಿನ್ ತಯಾರಿಕೆಯಲ್ಲಿ ಸಿಕ್ಕ ಒಂದು ಉಪವಸ್ತುವಿನ ಜಾಡು ಹಿಡಿದು ನಾಲಿಡಿಕ್ಸಿಕ್ ಆಮ್ಲವನ್ನು ರೂಪಿಸಿದರು. ಮೂತ್ರನಾಳದ ಸೋಂಕಿಗೆ ಅದು ಬಳಕೆಗೆ ಬಂತು. ಅದು ಹಿಡಿಯುವುದು ಜೈರೇಸ್ ಕಿಣ್ವವನ್ನು ಎಂದು ಗೊತ್ತಾಗಿದ್ದು 1977ರಲ್ಲಿ. ಆ ಅಣುವಿನ ಚೌಕಟ್ಟಿಗೆ ಫ್ಲೋರಿನ್ ಸೇರಿಸಿದಾಗ ಬಲ ಬಹಳ ಹೆಚ್ಚಿತು. ನಾರ್‌ಫ್ಲಾಕ್ಸಾಸಿನ್ ಬಂತು, ಆಮೇಲೆ ಸಿಪ್ರೋಫ್ಲಾಕ್ಸಾಸಿನ್. ಸಿಪ್ರೋ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರಲ್ಲಿ.

ಈ ಔಷಧ ಕಿಣ್ವವನ್ನು ಸುಮ್ಮನೆ ತಡೆಯುತ್ತದೆ ಎಂದುಕೊಂಡರೆ ತಪ್ಪು. ಅದು ಕತ್ತರಿಸಲು ಬಿಡುತ್ತದೆ, ಬೆಸೆಯಲು ಬಿಡುವುದಿಲ್ಲ. ಡಿಎನ್‌ಎ ತುಂಡಾದ ಸಂದಿನಲ್ಲೇ ಔಷಧದ ಎರಡು ಅಣುಗಳು ನುಸುಳಿ ಕೂರುತ್ತವೆ. ಕಿಣ್ವ, ತುಂಡಾದ ಡಿಎನ್‌ಎ, ಔಷಧ ಮೂರೂ ಸೇರಿ ಅಲ್ಲೇ ಸ್ತಬ್ಧ. ಹಿಂದಿನಿಂದ ಬರುವ ನಕಲು ಯಂತ್ರ ಇದಕ್ಕೆ ಢಿಕ್ಕಿ ಹೊಡೆಯುತ್ತದೆ. ವರ್ಣತಂತು ಅಲ್ಲಲ್ಲಿ ಛಿದ್ರವಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಜೀವ ಕೊಡುತ್ತಿದ್ದ ಕಿಣ್ವವೇ ಅದಕ್ಕೆ ವಿಷವಾಗುತ್ತದೆ.

ಎಲ್ಲ ಬ್ಯಾಕ್ಟೀರಿಯಾಗಳಲ್ಲಿ ಮೊದಲ ಗುರಿ ಒಂದೇ ಅಲ್ಲ. ಇ. ಕೊಲೈ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾದಂಥವುಗಳಲ್ಲಿ ಜೈರೇಸ್ ಮೊದಲು ಸಿಗುತ್ತದೆ. ಸ್ಟೆಫೈಲೋಕಾಕಸ್ ಆರಿಯಸ್, ನ್ಯುಮೋನಿಯಾ ತರುವ ಸ್ಟ್ರೆಪ್ಟೋಕಾಕಸ್‌ಗಳಲ್ಲಿ ಸಿಪ್ರೋಗೆ ಮೊದಲು ಸಿಗುವುದು ಟೋಪೋ-4.

ಹಾಲಿನ ಜೊತೆ ಈ ಮಾತ್ರೆ ಬೇಡ ಎನ್ನುವುದೇಕೆ?

ಔಷಧದ ಅಣು ಕಿಣ್ವವನ್ನು ಹಿಡಿಯುವುದು ಬಹುಪಾಲು ಒಂದು ಮೆಗ್ನೀಸಿಯಂ ಕಣದ ಮೂಲಕ. ಲೋಹದ ಕಣಗಳೊಂದಿಗೆ ಅಂಟಿಕೊಳ್ಳುವ ಈ ಗುಣ ಹೊಟ್ಟೆಯಲ್ಲೂ ಕೆಲಸ ಮಾಡುತ್ತದೆ. ಹಾಲು, ಮೊಸರಿನಲ್ಲಿರುವ ಕ್ಯಾಲ್ಸಿಯಂ, ಆಮ್ಲಪಿತ್ತದ ಮಾತ್ರೆಗಳಲ್ಲಿರುವ ಮೆಗ್ನೀಸಿಯಂ ಮತ್ತು ಅಲ್ಯುಮಿನಿಯಂ, ಕಬ್ಬಿಣಾಂಶದ ಮಾತ್ರೆ, ಇವೆಲ್ಲ ಸಿಪ್ರೋವನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ವೈದ್ಯರು ಅಂತರ ಕೊಟ್ಟು ತೆಗೆದುಕೊಳ್ಳಿ ಎನ್ನುವುದು ಇದಕ್ಕಾಗಿ.

ಔಷಧ ಸೋಲುವುದು ಹೇಗೆ?

ಆ ಮೆಗ್ನೀಸಿಯಂ ಸೇತುವೆಗೆ ಆಧಾರವಾಗಿ ನಿಂತಿರುವುದು ಕಿಣ್ವದ ಒಂದೆರಡು ಅಮೈನೋ ಆಮ್ಲಗಳು. ಇ. ಕೊಲೈಯ ಜೈರೇಸ್‌ನಲ್ಲಿ 83ನೇ ಜಾಗದ ಸೆರಿನ್ ಮತ್ತು 87ನೇ ಜಾಗದ ಆಸ್ಪಾರ್ಟಿಕ್ ಆಮ್ಲ ಇವುಗಳಲ್ಲಿ ಮುಖ್ಯವಾದವು. ನಕಲು ಮಾಡುವಾಗ ಅಲ್ಲಿ ಒಂದಕ್ಷರ ತಪ್ಪಿ ಸೆರಿನ್ ಬದಲು ಬೇರೆ ಅಮೈನೋ ಆಮ್ಲ ಬಂದರೆ ಸೇತುವೆ ಕುಸಿಯುತ್ತದೆ. ಕಿಣ್ವದ ಕೆಲಸಕ್ಕೆ ಹೆಚ್ಚು ತೊಂದರೆಯಾಗುವುದಿಲ್ಲ, ಔಷಧಕ್ಕೆ ಮಾತ್ರ ಹಿಡಿ ಸಿಗುವುದಿಲ್ಲ. ಜೈರೇಸ್‌ನಲ್ಲಿ ಒಂದು ಬದಲಾವಣೆ, ಆಮೇಲೆ ಟೋಪೋ-4ರಲ್ಲಿ ಇನ್ನೊಂದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪ್ರತಿರೋಧ ಬೆಳೆಯುತ್ತದೆ.

ಬೇರೆ ದಾರಿಗಳೂ ಇವೆ. ಕೆಲವು ಬ್ಯಾಕ್ಟೀರಿಯಾಗಳು ಔಷಧವನ್ನು ಪಂಪ್ ಮಾಡಿ ಹೊರಹಾಕುತ್ತವೆ. ಕೆಲವು ಕ್ಯೂಎನ್‌ಆರ್ ಎಂಬ ಪ್ರೋಟೀನ್ ತಯಾರಿಸಿ ಕಿಣ್ವಕ್ಕೆ ಕಾವಲು ನಿಲ್ಲಿಸುತ್ತವೆ. 1998ರಲ್ಲಿ ವರದಿಯಾದ ಈ ಜೀನ್, ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಸಾಲದ್ದಕ್ಕೆ, ಡಿಎನ್‌ಎಗೆ ಏಟು ಬಿದ್ದಾಗ ಬ್ಯಾಕ್ಟೀರಿಯಾ ತುರ್ತು ದುರಸ್ತಿಗೆ ಇಳಿಯುತ್ತದೆ. ಆ ಅವಸರದ ದುರಸ್ತಿಯಲ್ಲಿ ತಪ್ಪುಗಳು ಹೆಚ್ಚು. ಔಷಧ ಕೊಲ್ಲುವಷ್ಟು ಇಲ್ಲದೆ, ಗಾಯ ಮಾಡುವಷ್ಟು ಮಾತ್ರ ಇದ್ದರೆ ಹೊಸ ರೂಪಾಂತರಗಳಿಗೆ ದಾರಿಯಾಗುವುದು ಹೀಗೆ.

ಇದರ ಪರಿಣಾಮ ಭಾರತದಲ್ಲಿ ಎದ್ದು ಕಾಣುವುದು ಟೈಫಾಯ್ಡ್‌ನಲ್ಲಿ. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಸಿಪ್ರೋ ಎಂದರೆ ರಾಮಬಾಣ. ಈಗ ದೇಶದಲ್ಲಿ ಸಿಗುವ ಟೈಫಾಯ್ಡ್ ಬ್ಯಾಕ್ಟೀರಿಯಾಗಳ ಬಹುಪಾಲಿಗೆ ಅದು ಪೂರ್ತಿಯಾಗಿ ನಾಟುವುದಿಲ್ಲ. ವೈದ್ಯರು ಅಝಿತ್ರೋಮೈಸಿನ್, ಸೆಫ್‌ಟ್ರಯಾಕ್ಸೋನ್‌ನಂಥ ಬೇರೆ ಔಷಧಗಳತ್ತ ತಿರುಗಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆದ್ಯತೆಯ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲೂ, ಈ ಔಷಧಗಳಿಗೆ ಬಗ್ಗದ ಟೈಫಾಯ್ಡ್ ಸಾಲ್ಮೊನೆಲ್ಲಾ ಇದೆ.

ಕ್ಷಯದ ಬ್ಯಾಕ್ಟೀರಿಯಾ ಯಾಕೆ ಬೇರೆ?

ಕ್ಷಯ ತರುವ ಮೈಕೋಬ್ಯಾಕ್ಟೀರಿಯಂನಲ್ಲಿ ಟೋಪೋ-4 ಇಲ್ಲವೇ ಇಲ್ಲ. ಇರುವ ಒಂದೇ ಜೈರೇಸ್ ಬಿಗಿತ ಇಳಿಸುವುದರ ಜೊತೆಗೆ ಕೊಂಡಿ ಕಳಚುವ ಕೆಲಸವನ್ನೂ ಮಾಡುತ್ತದೆ. ಕೊಂಡಿ ಕಳಚುವುದರಲ್ಲಿ ಅದು ಇ. ಕೊಲೈಯ ಜೈರೇಸ್‌ಗಿಂತ ಚುರುಕು. ಹೀಗಾಗಿ ಕ್ಷಯದಲ್ಲಿ ಈ ಗುಂಪಿನ ಔಷಧಗಳಿಗೆ ಗುರಿ ಒಂದೇ. ಹಾಗೆಯೇ, ಆ ಒಂದೇ ಕಿಣ್ವ ಬದಲಾದರೂ ಔಷಧ ಕೈತಪ್ಪುತ್ತದೆ.

ಈ ಕಿಣ್ವಗಳ ಅಧ್ಯಯನದಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಅವರ ಪ್ರಯೋಗಾಲಯ ಮೈಕೋಬ್ಯಾಕ್ಟೀರಿಯಾಗಳ ಜೈರೇಸ್ ಮತ್ತು ಟೋಪೋಐಸೋಮರೇಸ್-1 ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದೆ. ಟೋಪೋಐಸೋಮರೇಸ್-1 ಇಲ್ಲದೆ ಕ್ಷಯದ ಬ್ಯಾಕ್ಟೀರಿಯಾ ಬದುಕಲಾರದು ಎಂಬುದನ್ನು ಈ ತಂಡ ತೋರಿಸಿದೆ. ಅಂದರೆ ಅದೂ ಹೊಸ ಔಷಧಕ್ಕೆ ಗುರಿಯಾಗಬಹುದು.

ವಿಷಯ ಮುಖ್ಯವಾಗುವುದು ವಿಶ್ವದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇರುವುದರಿಂದ. ಹಲವು ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಮೊದಲು 20 ತಿಂಗಳವರೆಗೂ ಚಿಕಿತ್ಸೆ ಬೇಕಾಗುತ್ತಿತ್ತು. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನುಮೋದಿಸಿದ ಹೊಸ ಕ್ರಮದಲ್ಲಿ ಅದು ಆರು ತಿಂಗಳಿಗೆ ಇಳಿಯುತ್ತದೆ. ಬೆಡಾಕ್ವಿಲಿನ್, ಪ್ರಿಟೋಮಾನಿಡ್, ಲಿನೆಝೋಲಿಡ್ ಜೊತೆಗೆ ಅದರಲ್ಲಿರುವ ನಾಲ್ಕನೇ ಔಷಧ ಮಾಕ್ಸಿಫ್ಲಾಕ್ಸಾಸಿನ್, ಅಂದರೆ ಜೈರೇಸ್ ಹಿಡಿಯುವ ಔಷಧ. ನೆಗಡಿ, ಸಾಮಾನ್ಯ ಕೆಮ್ಮಿಗೂ ಈ ಗುಂಪಿನ ಮಾತ್ರೆ ನುಂಗುವ ಅಭ್ಯಾಸ ಅಪಾಯಕಾರಿ ಎನ್ನಲು ಇದೂ ಒಂದು ಕಾರಣ. ದೇಹದಲ್ಲಿ ಗೊತ್ತಾಗದೆ ಕ್ಷಯ ಇದ್ದರೆ ಅದು ತಾತ್ಕಾಲಿಕವಾಗಿ ಅಡಗಿ ಪತ್ತೆ ತಡವಾಗಬಹುದು, ಪ್ರತಿರೋಧವೂ ಬೆಳೆಯಬಹುದು.

ಮನುಷ್ಯರ ಕೋಶಗಳಿಗೆ ತೊಂದರೆ ಇಲ್ಲವೇ?

ಮನುಷ್ಯರ ಜೀವಕೋಶಗಳಲ್ಲೂ ಟೋಪೋಐಸೋಮರೇಸ್‌ಗಳಿವೆ. ಆದರೆ ಮೆಗ್ನೀಸಿಯಂ ಸೇತುವೆಗೆ ಬೇಕಾದ ಆ ಅಮೈನೋ ಆಮ್ಲಗಳು ನಮ್ಮ ಕಿಣ್ವದಲ್ಲಿಲ್ಲ. ಆದ್ದರಿಂದ ಸಿಪ್ರೋ ನಮ್ಮ ಕಿಣ್ವವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ನಮ್ಮ ಕಿಣ್ವಗಳನ್ನೇ ಹಿಡಿಯುವ ಔಷಧಗಳು ಕ್ಯಾನ್ಸರ್ ಚಿಕಿತ್ಸೆಯಲ್ಲಿವೆ. ಎಟೊಪೊಸೈಡ್ ಅಂಥದ್ದೊಂದು. ಸಹ್ಯಾದ್ರಿಯ ಕಾಡಿನಲ್ಲಿ ಬೆಳೆಯುವ, ಮಹಾರಾಷ್ಟ್ರದಲ್ಲಿ 'ನರಕ್ಯಾ' ಎಂದು ಕರೆಯುವ ಮರದಲ್ಲಿ ಸಿಗುವ ಕ್ಯಾಂಪ್ಟೋಥೆಸಿನ್, ಮನುಷ್ಯರ ಟೋಪೋಐಸೋಮರೇಸ್-1 ಹಿಡಿಯುವ ಕ್ಯಾನ್ಸರ್ ಔಷಧಗಳಿಗೆ ಮೂಲವಸ್ತು.

ಹಾಗೆಂದು ಸಿಪ್ರೋ ಗುಂಪಿಗೆ ಅಡ್ಡಪರಿಣಾಮವೇ ಇಲ್ಲ ಎಂದಲ್ಲ. ಸ್ನಾಯುರಜ್ಜುಗಳಲ್ಲಿ ಉರಿಯೂತ, ಅವು ಹರಿಯುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು. ಬೇರೆ ಔಷಧ ಇದ್ದರೆ ಸಾಧಾರಣ ಸೈನಸ್, ಬ್ರಾಂಕೈಟಿಸ್, ಮೂತ್ರನಾಳದ ಸೋಂಕಿಗೆ ಇವನ್ನು ಬಳಸಬಾರದು ಎಂದು 2016ರಲ್ಲಿ ಸೂಚಿಸಿತು.

ಹೊಸ ಔಷಧಗಳು ಬರುತ್ತಿವೆಯೇ?

ಬರುತ್ತಿವೆ. 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಮೂತ್ರನಾಳದ ಸೋಂಕಿಗೆ ಅನುಮತಿ ಪಡೆದ ಜೆಪೊಟಿಡಾಸಿನ್ ಹಿಡಿಯುವುದು ಇದೇ ಎರಡು ಕಿಣ್ವಗಳನ್ನು. ಆದರೆ ಹಿಡಿಯುವ ಜಾಗ ಬೇರೆ. ಜೈರೇಸ್ ಮತ್ತು ಟೋಪೋ-4 ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಹಿಡಿಯುವುದು ಇದರ ಬಲ. ಒಂದರಲ್ಲಿ ರೂಪಾಂತರ ಆದರೂ ಇನ್ನೊಂದು ಸಿಕ್ಕಿಬೀಳುತ್ತದೆ. ಎರಡರಲ್ಲೂ ಒಟ್ಟಿಗೆ ಬದಲಾವಣೆ ಆಗುವ ಸಾಧ್ಯತೆ ಬಹಳ ಕಡಿಮೆ.

ಓದುಗರು ಗಮನಿಸಬೇಕಾದ್ದು

- ವೈರಸ್‌ಗಳಿಂದ ಬರುವ ನೆಗಡಿ, ಫ್ಲೂ, ಡೆಂಗಿ ಜ್ವರಕ್ಕೆ ಈ ಮಾತ್ರೆಗಳಿಂದ ಉಪಯೋಗವಿಲ್ಲ. ಅಲ್ಲಿ ಹಿಡಿಯಲು ಬ್ಯಾಕ್ಟೀರಿಯಾದ ಜೈರೇಸ್ ಆಗಲಿ, ಟೋಪೋ-4 ಆಗಲಿ ಇರುವುದಿಲ್ಲ.
- ವೈದ್ಯರ ಚೀಟಿ ಇಲ್ಲದೆ ಈ ಮಾತ್ರೆಗಳನ್ನು ಮಾರುವಂತಿಲ್ಲ. ಲಿವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್‌ಗಳು ಎಚ್-1 ಪಟ್ಟಿಯಲ್ಲಿದ್ದು, ಮಾರಾಟದ ದಾಖಲೆಯನ್ನು ಔಷಧಿ ಅಂಗಡಿಯವರು ಮೂರು ವರ್ಷ ಇಟ್ಟುಕೊಳ್ಳಬೇಕು.
- ಕಳೆದ ಬಾರಿ ಉಳಿದ ನಾಲ್ಕು ಮಾತ್ರೆಗಳನ್ನು ಈ ಬಾರಿ ನುಂಗುವುದು, ಮನೆಯ ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗುವುದು ಬೇಡ. ಪ್ರಮಾಣ, ದಿನಗಳ ಲೆಕ್ಕ ವೈದ್ಯರು ಹೇಳಿದಂತೆಯೇ ಇರಲಿ.
- ಮಾತ್ರೆ ನುಂಗುವಾಗ ಹಿಮ್ಮಡಿಯ ಹಿಂಭಾಗದಲ್ಲಿ ನೋವು, ಕೈಕಾಲು ಜೋಮು ಕಾಣಿಸಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ತಾನೇ ತುಂಡರಿಸಿ ಹಿಡಿದುಕೊಂಡಿರುವ ಆ ಅರೆಕ್ಷಣ ವೈದ್ಯವಿಜ್ಞಾನಕ್ಕೆ ಸಿಕ್ಕ ಅಪರೂಪದ ಅವಕಾಶ. ಟೈಫಾಯ್ಡ್‌ನಲ್ಲಿ ಅದು ಬಹುತೇಕ ಕೈಬಿಟ್ಟಿದೆ, ಕ್ಷಯದಲ್ಲಿ ಇನ್ನೂ ಕೈಯಲ್ಲಿದೆ. ಅದು ಎಷ್ಟು ದಿನ ಉಳಿಯುತ್ತದೆ ಎಂಬುದು ಪ್ರಯೋಗಾಲಯದಷ್ಟೇ ಔಷಧಿ ಅಂಗಡಿಯ ಕೌಂಟರ್‌ನಲ್ಲೂ ನಿರ್ಧಾರವಾಗುತ್ತದೆ.